ಏಳು ಸುತ್ತಿನ ಕಾಯಿಲ್

ಬೆಸುಗೆ ಹಾಕುವಾಗ ರಾಳ ಸುಟ್ಟ ವಾಸನೆ ಬಂದರೆ ನನಗೆ ಈಗಲೂ ಸಿಟ್ಟು ಬರುತ್ತದೆ. ಮೊನ್ನೆ ಪುತ್ತೂರಿನ ಒಂದು ಮೊಬೈಲ್ ರಿಪೇರಿ ಅಂಗಡಿಯಲ್ಲಿ ಆ ವಾಸನೆ ಮೂಗಿಗೆ ಹೊಡೆಯಿತು. ಫೋನನ್ನು ಅಲ್ಲೇ ಬಿಟ್ಟು ಹೊರಗೆ ಬಂದು ನಿಂತೆ. ಕಡಬದ ಚೇಟನ ನೆನಪಾಗಿತ್ತು.

ಎಂಬತ್ತರ ದಶಕದಲ್ಲಿ ನಾನು ಪುತ್ತೂರಿನ ಟಿವಿ ಅಂಗಡಿಯೊಂದರಲ್ಲಿ ಮೆಕ್ಯಾನಿಕ್. ಚೇಟ ಕಡಬದಲ್ಲಿ ರೇಡಿಯೋ, ಟಿವಿ ರಿಪೇರಿ ಮಾಡುತ್ತಿದ್ದರು. ಕೇರಳದಿಂದ ಬಂದು ರಬ್ಬರ್ ಹಾಕಿದ ಮನೆಯವರು. ಅಣ್ಣ ಎನ್ನುವ ಅರ್ಥದಲ್ಲಿ ಊರವರೆಲ್ಲ ಅವರನ್ನು ಚೇಟ ಎಂದೇ ಕರೆಯುತ್ತಿದ್ದರು.

ನಾವು ಮಾರುತ್ತಿದ್ದ ಟಿವಿಗಳಲ್ಲಿ, ಕಡಬದ ಕಡೆ, ಚಿತ್ರಕ್ಕಿಂತ ಚುಕ್ಕಿಗಳೇ ಹೆಚ್ಚು. ಗುಡ್ಡ ಅಡ್ಡ ಬರುತ್ತದೆ ಎಂದು ಕಂಪನಿ ಹೇಳುತ್ತಿತ್ತು, ನಾವೂ ಗಿಳಿಪಾಠ ಒಪ್ಪಿಸುತ್ತಿದ್ದೆವು. ಬೂಸ್ಟರ್ ಹಾಕಿ, ಆಂಟೆನಾದ ಪೈಪು ಎತ್ತರಿಸಿ... ಚೇಟ ಮಾತ್ರ ಟಿವಿಯ ಒಳಗೆ ನೋಡಿದರು. ಬೇಡದ ಸಿಗ್ನಲನ್ನು ಸೋಸಿ ಬೇಕಾದ್ದನ್ನು ಮುಂದೆ ಬಿಡುವ, ಐದು ಕಾಲಿನ ಪುಟ್ಟ ಲೋಹದ ಡಬ್ಬಿಯೊಂದು ಅಲ್ಲಿತ್ತು. ಅದರೊಳಗೆ ಹರಳಿನ ಒಂದು ಚೂರು. ಸಿಗ್ನಲ್ ಆ ಹರಳಿನ ಮೇಲ್ಮೈಯಲ್ಲಿ ಸದ್ದಿನ ಅಲೆಯಾಗಿ ಹರಿದು, ಆಚೆ ತುದಿಯಲ್ಲಿ ಮತ್ತೆ ಕರೆಂಟಾಗುತ್ತದೆ. ಮೊದಲೇ ಅರೆಜೀವವಾಗಿ ಬಂದ ಸಿಗ್ನಲಿನ ಬಹುಪಾಲನ್ನು ಆ ಡಬ್ಬಿಯೇ ನುಂಗುತ್ತಿತ್ತು. ಚೇಟ ತಿಂಗಳುಗಟ್ಟಲೆ ಕೂತು, ಸಿಗ್ನಲ್ ಒಳಗೆ ಹೋಗುವ ಕಾಲುಗಳಿಗೆ ತೆಳು ತಂತಿಯ ಏಳು ಸುತ್ತಿನ ಕಾಯಿಲ್ ಬೆಸೆದರು. ಚುಕ್ಕಿಗಳ ನಡುವೆ ಮುಖ ಕಂಡಿತು.

ಗುಟ್ಟು ಮಾಡುವ ಮನುಷ್ಯ ಅವರಲ್ಲ. ನಾನು ಹೋದಾಗ ಪಕ್ಕದಲ್ಲಿ ಕೂರಿಸಿ ತೋರಿಸಿದರು.

"ಏಳೇ ಸುತ್ತು, ಆಯ್ತಾ? ನಷ್ಟ ಪೂರಾ ತೆಗೀಲಿಕ್ಕೆ ಹೋಗ್ಬೇಡಿ ಮಾರಾಯ್ರೆ. ಸ್ವಲ್ಪ ಬಿಡ್ಬೇಕು. ಇಲ್ಲದಿದ್ರೆ ಅಲೆ ಒಳಗೊಳಗೇ ಹೋಗಿ ಬಂದು ಮಾಡಿ, ಚಿತ್ರ ಎರಡೆರಡಾಗ್ತದೆ."

ಅರ್ಧ ಹೇಳಿ ಅರ್ಧ ಬಚ್ಚಿಡುತ್ತಿದ್ದಾರೆ ಎಂದುಕೊಂಡೆ. ನನ್ನ ಬುದ್ಧಿ ಅಷ್ಟೇ. ಪುತ್ತೂರಿಗೆ ಬಂದು ಹನ್ನೊಂದು ಸುತ್ತಿ ನೋಡಿದೆ. ಚಿತ್ರ ಇನ್ನೂ ಹೊಳೆಯಿತು. ಸವಣೂರು, ನರಿಮೊಗರಿನ ಮನೆಗಳ ಟಿವಿಗೆಲ್ಲ ಅದನ್ನೇ ಹಾಕಿದೆ. ಅಂಗಡಿಯ ಧಣಿ ಬೆನ್ನು ತಟ್ಟಿದರು. ಆ ಬೆನ್ನಿಗೆ ಅಂದು ಯಾರಾದರೂ ನಾಲ್ಕು ಬಾರಿಸಬೇಕಿತ್ತು.

ಪರದೆಯ ಮೇಲೆ ಅಕ್ಷರಗಳು ಬಂದಾಗ ಬಣ್ಣ ಬಯಲಾಯಿತು. ಒಂದೊಂದು ಅಕ್ಷರದ ಬಲಕ್ಕೂ ಒಂದೊಂದು ಮಸುಕು ಅಕ್ಷರ. ಜನ ಟಿವಿ ಹೊತ್ತು ತಂದು ಅಂಗಡಿಯಲ್ಲಿ ಕುಕ್ಕಿದರು. ಕಂಪನಿಯವನು ಬಂದು ಹಿಂಬದಿ ಬಿಚ್ಚಿ, ಕಾಯಿಲ್ ಕಿತ್ತು ಮೇಜಿನ ಮೇಲಿಟ್ಟ.

"ಅದು ಕಡಬದ ಚೇಟನ ಕಿತಾಪತಿ," ಎಂದರು ಧಣಿ. ಹಾಕಿದ್ದು ಯಾರೆಂದು ಅವರಿಗೆ ಚೆನ್ನಾಗಿ ಗೊತ್ತಿತ್ತು.

ಚೇಟನನ್ನು ಕರೆಸಿದರು. ಅವರು ಕಾಯಿಲನ್ನು ಬೆರಳಲ್ಲಿ ತಿರುಗಿಸಿ ಸುತ್ತು ಎಣಿಸಿದರು. ತುಟಿ ಅಲ್ಲಾಡಿದ್ದು ನನಗೆ ಕಂಡಿತು. ಆಮೇಲೆ ನನ್ನನ್ನು ನೋಡಿದರು. ನಾನು ಕೈಯಲ್ಲಿದ್ದ ಸ್ಕ್ರೂಡ್ರೈವರ್ ನೋಡುತ್ತಿದ್ದೆ.

"ಕಾಯಿಲ್ ಹಾಕುದು ನನ್ನದೇ ಉಪಾಯ," ಎಂದರು.

ಅಷ್ಟೇ ಸಾಕಾಯಿತು. ಚೇಟನ ಕೈಗೆ ಟಿವಿ ಕೊಟ್ಟರೆ ಗ್ಯಾರಂಟಿ ಇಲ್ಲ ಎಂದು ಕಂಪನಿ ಚೀಟಿ ಅಚ್ಚು ಹಾಕಿಸಿತು. ಸುಳ್ಯ, ಕಡಬದ ಅಂಗಡಿಗಳಿಗೆ ಅದನ್ನು ಹಂಚಿದವನು ನಾನೇ. ವರ್ಷ ಕಳೆಯುವುದರೊಳಗೆ ಅವರು ಅಂಗಡಿ ಮುಚ್ಚಿ ರಬ್ಬರ್ ಟ್ಯಾಪಿಂಗಿಗೆ ಇಳಿದರು.

ಮುಂದೆ ಬಂದ ಹೊಸ ಮಾಡೆಲ್ ಬಿಚ್ಚಿದರೆ, ಡಬ್ಬಿಯ ಅದೇ ಕಾಲುಗಳಿಗೆ ಕಂಪನಿಯೇ ಸುತ್ತಿದ ಕಾಯಿಲ್. ಎಣಿಸಿದೆ. ಏಳು. ಮೈಯೆಲ್ಲ ಉರಿದುಹೋಯಿತು. ಕಳ್ಳ ಕಂಪನಿ, ಸುಳ್ಳು ಬೊಗಳಿದ ಧಣಿ... ಚೇಟನ ಮೇಲೂ ಸಿಟ್ಟು ಬಂತು. ಇದು ನನ್ನ ಕೈಯ ಸುತ್ತಲ್ಲ ಎಂದು ಒಂದು ಮಾತು ಹೇಳಲು ಏನಾಗಿತ್ತು ಅವರಿಗೆ? ಹಾಗೆ ಅವರ ಮೇಲೆ ಸಿಟ್ಟು ಮಾಡಿಕೊಂಡಿರುವುದು ನನಗೆ ಅನುಕೂಲವಾಗಿತ್ತು. ಇಷ್ಟು ವರ್ಷ ಅದೇ ನೆಪದಲ್ಲಿ ಆ ಕಡೆ ತಲೆ ಹಾಕಿರಲಿಲ್ಲ.

ಮೊನ್ನೆ ಆ ಮೊಬೈಲ್ ಅಂಗಡಿಯಿಂದ ಸೀದಾ ಹೋಗಿ ಕಡಬದ ಬಸ್ಸು ಹತ್ತಿದೆ. ಚೇಟ ತೀರಿಹೋದ ಸುದ್ದಿ ಹೋದ ವರ್ಷವೇ ಕೇಳಿದ್ದೆ. ಅವರ ಹೆಂಡತಿ ಚಹಾ ತಂದಿಟ್ಟರು. ಲೋಟ ಮುಟ್ಟದೆ ಎಲ್ಲವನ್ನೂ ಒಪ್ಪಿಕೊಂಡೆ. ಅವರು ಪೂರ್ತಿ ಕೇಳಿಸಿಕೊಂಡರು.

"ನಮಗೆ ಆವತ್ತೇ ಗೊತ್ತುಂಟು," ಎಂದರು. "ಮನೆಗೆ ಬಂದು ಹೇಳಿದ್ರು, ಹನ್ನೊಂದು ಸುತ್ತು ಇತ್ತು ಅಂತ. ಇಲ್ಲಿ ಹೇಳಿ ಎಂತ ಪ್ರಯೋಜನ? ನೀವು ಚೀಟಿ ಕೊಟ್ಟ ಅಂಗಡಿಗಳಿಗೆ ಹೋಗಿ ಹೇಳಿ."

ವಾಪಸ್ ಬರುವಾಗ ಬಸ್ಸಿನಲ್ಲಿ ಆ ಅಂಗಡಿಗಳನ್ನು ಒಂದೊಂದಾಗಿ ನೆನಪು ಮಾಡಿಕೊಂಡೆ. ಒಂದೂ ಈಗ ಇಲ್ಲ.