ಕ್ಯಾಮೆರಾದ ಕಿವಿಗೆ ಹಚ್ಚಿದ ಕುಂಕುಮ

ನನ್ನ ಗಂಡನ ಮುಖ ನನಗೆ ಸರಿಯಾಗಿ ನೆನಪಿಲ್ಲ. ಹೀಗೆ ಬರೆದರೆ ಜನ ಏನೆಂದುಕೊಳ್ಳುತ್ತಾರೋ ಎಂದು ಮಗಳು ಅಂಜುತ್ತಾಳೆ. ಏನಾದರೂ ಅಂದುಕೊಳ್ಳಲಿ. ದನಿ ನೆನಪಿದೆ, ಕೆಮ್ಮು ನೆನಪಿದೆ, ಕೊನೆಯ ಮೆಟ್ಟಿಲ ಮೇಲೆ ಚಪ್ಪಲಿ ಝಾಡಿಸುತ್ತಿದ್ದ ಸಪ್ಪಳ ನೆನಪಿದೆ. ಮುಖ ಮಾತ್ರ ತುಂಬಿದ ಕೊಡದ ನೀರಿನಲ್ಲಿ ಕಂಡ ಹಾಗೆ ಅಲುಗುತ್ತದೆ. ಮನೆ ತುಂಬ ಕ್ಯಾಮೆರಾ ಇಟ್ಟುಕೊಂಡಿದ್ದ ಮನುಷ್ಯನ ಒಂದು ನೆಟ್ಟಗಿನ ಫೋಟೋ ನನ್ನ ಹತ್ತಿರ ಇಲ್ಲ.

ನಾನು ಕಲಿತದ್ದು ನಾಲ್ಕನೆಯ ಇಯತ್ತೆ. ಅಕ್ಷರ ತಪ್ಪಿದ್ದರೆ ಮಗಳು ತಿದ್ದುತ್ತಾಳೆ. ಮಾತು ತಿದ್ದಬೇಡ ಎಂದು ಹೇಳಿದ್ದೇನೆ.

ನಮ್ಮದು ವಿಜಾಪುರದ ಕಡೆ. ಮಾವ ಅಲ್ಲಿ ಫೋಟೋ ಅಂಗಡಿ ಇಟ್ಟಿದ್ದರು. ಆಗಿನ ಜನ ಬದುಕಿದ್ದಾಗ ಫೋಟೋ ತೆಗೆಸಿಕೊಳ್ಳಲು ಹೆದರುತ್ತಿದ್ದರು, ಆಯುಷ್ಯ ಕಡಿಮೆಯಾಗುತ್ತದೆ ಎಂದು. ಸತ್ತ ಮೇಲೆ ಗೋಡೆಗೆ ಒರಗಿಸಿ ಕೂಡಿಸಿ, ಹಾರ ಹಾಕಿ, ಮಕ್ಕಳೆಲ್ಲ ಸುತ್ತ ನಿಂತು ಒಂದು ತೆಗೆಸುವರು. ಮಾವನಿಗೆ ಅದೇ ದೊಡ್ಡ ಕೆಲಸ. ನನ್ನ ಗಂಡ ಚಿಕ್ಕಂದಿನಲ್ಲಿ ಅದನ್ನು ನೋಡಿ ನೋಡಿ ಹೇಸಿಬಿಟ್ಟಿದ್ದರು. "ನಾ ಸತ್ತ ಮ್ಯಾಲ ಯಾರರೆ ನನ್ನ ಫೋಟೋ ತಗದ್ರ, ಎದ್ದು ಕೂತು ಕ್ಯಾಮೆರಾ ಕಸಗೋತೀನಿ ನೋಡು" ಎನ್ನುತ್ತಿದ್ದರು.

ಮದುವೆಯಲ್ಲಿ ಮಾವನೇ ತೆಗೆದ ಫೋಟೋ ಇದೆ. ಅದರಲ್ಲಿ ಮುಖ ಮುಚ್ಚಿದ ಬಾಸಿಂಗ ಇದೆ, ಬಾಸಿಂಗದ ಕೆಳಗೆ ಒಂದು ಗದ್ದ ಇದೆ. ಗದ್ದ ನೋಡಿ ಗಂಡನನ್ನು ನೆನೆಯುವುದು ಹೇಗೆ?

ಮಾವ ತೀರಿದ ಮೇಲೆ ಅಂಗಡಿ ಮುಚ್ಚಿತು. ಎರಡು ಕ್ಯಾಮೆರಾ ನಮ್ಮ ಜೊತೆ ಪುಣೆಗೆ ಬಂದವು. ಒಂದು ಹಾರ್ಮೋನಿಯಮ್ಮಿನ ಹಾಗೆ ಎಳೆದು ಬಿಚ್ಚುವಂಥದ್ದು. ಇನ್ನೊಂದು ಎರಡು ಕಣ್ಣಿನ ಡಬ್ಬಿ. ಅದನ್ನು ಹೊಟ್ಟೆಯ ಹತ್ತಿರ ಹಿಡಿದು, ಮೇಲಿನಿಂದ ಬಾವಿ ಬಗ್ಗಿ ನೋಡಿದ ಹಾಗೆ ನೋಡಬೇಕು. ಒಳಗಿನ ಗಾಜಿನಲ್ಲಿ ಎಡಗಡೆಯದು ಬಲಕ್ಕೆ, ಬಲಗಡೆಯದು ಎಡಕ್ಕೆ. ಗಂಡ ನನಗೆ ಒಮ್ಮೆ ಹಿಡಿಯಲು ಕೊಟ್ಟಿದ್ದರು. ಇವರನ್ನು ಗಾಜಿನ ನಡುವೆ ತರಬೇಕೆಂದು ತಿರುಗಿಸಿದಷ್ಟೂ ಇವರು ಹೊರಗೆ ಹೋದರು. "ಇದು ನನ್ನ ಕೆಲಸ ಅಲ್ರಿ" ಎಂದು ವಾಪಸು ಕೊಟ್ಟೆ.

ಇವರು ಧಾನ್ಯದ ಪೇಟೆಯಲ್ಲಿ ಗುಮಾಸ್ತರು. ಹಡಪಸರದಲ್ಲಿ ಎರಡು ಕೋಣೆಯ ಮನೆ. ಭಾನುವಾರ ಹಳೇ ಸಾಮಾನಿನ ಬಜಾರಿಗೆ ಹೋದರೆ ಯಾರೋ ಎಸೆದ ಕ್ಯಾಮೆರಾ ಹಿಡಿದುಕೊಂಡೇ ಬರುವುದು. ಪಕ್ಕದ ಮರಾಠಿ ಮಾವಶಿ ಗ್ಯಾಲರಿಯಿಂದಲೇ ಕೂಗುವಳು, "ಕಾಯ್ ಕಾಕಾ, ಆಜ್ ಕುಠ್ಲಾ ಡಬ್ಬಾ?" ಇವತ್ತು ಯಾವ ಡಬ್ಬಿ ಎಂದು. ಇವರು ಕೂಸನ್ನು ತೋರಿಸಿದ ಹಾಗೆ ಎತ್ತಿ ತೋರಿಸುವರು. ನನ್ನ ಬೇಳೆಯ ಡಬ್ಬಿಗಳು ಮಂಚದ ಕೆಳಗೆ, ಇವರ ಡಬ್ಬಿಗಳು ಕಪಾಟಿನಲ್ಲಿ. ಅವನ್ನು ಬಿಚ್ಚಿ, ಒರೆಸಿ, ಮತ್ತೆ ಕೂಡಿಸಿ, ಟಕ್ ಎಂದು ಒತ್ತಿ ಕಿವಿಗೆ ಹಿಡಿದು ಕೇಳುವರು. ಕೆಲವು ಟಕ್ ಎನ್ನುತ್ತಿದ್ದವು, ಕೆಲವು ಇಲ್ಲ.

ಇರುವುದು ಒಬ್ಬಳೇ ಮಗಳು. ಅವಳಿಗೂ ಅದೇ ಹುಚ್ಚು ಹತ್ತಿತು. ಆಷಾಢದಲ್ಲಿ ವಾರಕರಿಗಳ ಪಾಲಖಿ ಮೆರವಣಿಗೆ ನಮ್ಮ ಹಡಪಸರದ ಮೇಲೆ ಹಾಯ್ದು ಸಾಸವಡಕ್ಕೆ ಹೋಗುವಾಗ ಅಪ್ಪ ಮಗಳು ಘಾಟಿನ ತನಕ ಹಿಂದೆ ನಡೆಯುವರು. ಕೊರಳಲ್ಲಿ ಎರಡು ಕಣ್ಣಿನ ಡಬ್ಬಿ. ಅಷ್ಟು ದೂರ ನಡೆದು ಬಂದು ಕೇಳಿದರೆ, ಒತ್ತಿದ್ದು ನಾಲ್ಕೋ ಐದೋ. ಇವರು ರೋಲಿನ ವಿಷಯದಲ್ಲಿ ಬಹಳ ಬಿಗಿ. ಪೂರ್ತಿ ತುಂಬದೆ ತೊಳೆಯಲು ಕೊಡುತ್ತಿರಲಿಲ್ಲ. ಆಷಾಢದಲ್ಲಿ ಹಾಕಿದ ರೋಲು ದಸರೆಯಾದರೂ ಹೊಟ್ಟೆಯಲ್ಲೇ ಇರುತ್ತಿತ್ತು.

ತೊಂಬತ್ತರ ದಶಕದ ನಡುವೆ ಒಂದು ದಸರೆ. ಖಂಡೇನವಮಿಯ, ಅಂದರೆ ಆಯುಧಪೂಜೆಯ, ಹಿಂದಿನ ದಿನ ಮನೆಯ ಹತಾರುಗಳನ್ನೆಲ್ಲ ತಿಕ್ಕಿ ಇಡುವುದು ನಮ್ಮ ಪದ್ಧತಿ. ನಾನು ಈಳಿಗೆ, ಕತ್ತರಿ, ಸುತ್ತಿಗೆ ತಿಕ್ಕುತ್ತಿದ್ದೆ. ಇವರು ಚಾದರ ಹಾಸಿ ಕ್ಯಾಮೆರಾಗಳನ್ನು ಹರವಿಕೊಂಡು, ಹಾರ್ಮೋನಿಯಮ್ಮಿನಂಥದ್ದನ್ನು ಒರೆಸುತ್ತಿದ್ದರು.

"ನನ್ನ ಕಡೆ ಕೊಡ್ರಿ, ಬೂದಿ ಹಚ್ಚಿ ತಿಕ್ಕಿಬಿಡ್ತೀನಿ. ಫಳಫಳ ಆಗ್ತದ" ಎಂದೆ.

ಇವರು ತಲೆ ಎತ್ತಿ ನಕ್ಕರು. ಬಾಯಿ ತುಂಬ ನಗು, ಚಶ್ಮಾ ಮೂಗಿನ ತುದಿಗೆ. ಅಷ್ಟರಲ್ಲಿ ಮಗಳು ಎರಡು ಕಣ್ಣಿನ ಡಬ್ಬಿ ಹಿಡಿದು ಟಕ್ ಎನಿಸಿದಳು.

"ಏ, ಯಾರ್ನ ಕೇಳಿ ಒತ್ತಿದಿ? ಒಂದು ಹಾಳ ಮಾಡಿದೆಲ್ಲ!"

"ಹಾಳ ಯಾಕ್ರಿ ಅಪ್ಪಾ? ಚಂದ ನಕ್ಕೀರಿ."

"ನನ್ನ ಮಾರಿ ತಗದ್ರ ಅದು ಹಾಳಽ" ಎಂದು ಮತ್ತೆ ಒರೆಸತೊಡಗಿದರು.

ಆ ನಗು ರೋಲಿನಲ್ಲಿ ಸೇರಿತು. ನನ್ನ ಕಣ್ಣ ಮುಂದೆಯೇ ಸೇರಿತು.

ಮರುದಿನ ಪೂಜೆ. ಹತಾರುಗಳ ಜೊತೆ ಕ್ಯಾಮೆರಾಗಳನ್ನೂ ಮಣೆಯ ಮೇಲೆ ಕೂಡಿಸಿದರು. ಇವರು ಕುಂಕುಮವನ್ನು ಎಣ್ಣೆಯಲ್ಲಿ ಕಲಸಿ ಹಚ್ಚುತ್ತಿದ್ದರು, ಉದುರಬಾರದೆಂದು. ಎರಡು ಕಣ್ಣಿನ ಡಬ್ಬಿಗೆ ಪಕ್ಕದಲ್ಲಿ ರೋಲು ತಿರುಗಿಸುವ ಒಂದು ಹಿಡಿಕೆ ಇದೆ. ಮನೆಯಲ್ಲಿ ಅದಕ್ಕೆ ಕಿವಿ ಎನ್ನುತ್ತಿದ್ದೆವು. "ಕಣ್ಣಿಗೆ ಹಚ್ಚಿದ್ರ ಕುರುಡಾಗ್ತದ, ಕಿವಿಗೆ ನಡೀತದ" ಎಂದು ಕಿವಿಯ ಬುಡಕ್ಕೆ ಹೆಬ್ಬೆರಳಿನಿಂದ ಒಂದು ದೊಡ್ಡ ಬೊಟ್ಟು ಒತ್ತಿದರು.

ಮಗಳು, "ಅಪ್ಪಾ, ಹೊಸಾ ಅಂಗಿ ಹಾಕ್ಕೊಂಡೀರಿ, ಒಂದು ತಗೀಲೇನ್ರಿ?" ಎಂದಳು.

"ಪೂಜಾಕ್ಕ ಕುಂತದ್ದು ಎಬ್ಬಸಬಾರ್ದವಾ. ನಾಳೆ ಬನ್ನಿ ಕೊಟ್ಟ ಮ್ಯಾಲ ಎಲ್ಲಾರ್ದೂ ಸೇರಿಸಿ ತಗದು ರೋಲ್ ಮುಗಸೂಣು."

ಹೋಳಿಗೆ ಉಂಡರು. ಎದೆ ಹಿಡಿದಂತಾಗಿದೆ ಎಂದು ಮಲಗಿದರು. ಸಂಜೆಯೊಳಗೆ ಮುಗಿಯಿತು. ರಿಕ್ಷಾ ಬರುವ ತನಕವೂ ಇರಲಿಲ್ಲ.

ಬೆಳಿಗ್ಗೆ ದಸರೆ. ಸುದ್ದಿ ತಿಳಿಯದ ಮಂದಿ ಬಂಗಾರವೆಂದು ಕೊಡುವ ಬನ್ನಿ ಎಲೆ ಹಿಡಿದು ಮೆಟ್ಟಿಲು ಹತ್ತಿ ಬಂದರು. ಒಳಗೆ ನೋಡಿ ಎಲೆಯನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡರು. ಒಬ್ಬರು, ಒಂದು ಫೋಟೋ ತೆಗೆಸುವುದಿಲ್ಲವೇ ಎಂದರು. ಮಗಳು ಬೇಡ ಎಂದಳು. ಅಪ್ಪನ ಮಾತು ಅವಳಿಗೂ ಗೊತ್ತಿತ್ತು.

ದಿನಕರ್ಮಕ್ಕೆ ಇಡಲು ಫೋಟೋ ಬೇಕಲ್ಲ. ಪೇಟೆಯ ಪಾಸಿನ ಮೇಲೆ ಉಗುರಿನಷ್ಟು ಫೋಟೋ ಇತ್ತು, ಅರ್ಧ ಕೆನ್ನೆಗೆ ಕಚೇರಿಯ ಶಿಕ್ಕಾ ಬಿದ್ದಿತ್ತು. ಸ್ಟುಡಿಯೋದವನು ಅದನ್ನು ದೊಡ್ಡದು ಮಾಡಿ, ಶಿಕ್ಕಾ ಅಳಿಸಿ, ಆ ಕೆನ್ನೆಯನ್ನು ತಾನೇ ಬರೆದು, ಮೇಲೊಂದು ಕೋಟು ತೊಡಿಸಿ ಕೊಟ್ಟ. ಇವರು ಜನ್ಮದಲ್ಲಿ ಕೋಟು ಹಾಕಿದವರಲ್ಲ.

"ಈ ಮನಷ್ಯಾನ ಕೂಡ ನಾ ಸಂಸಾರ ಮಾಡಿಲ್ಲ" ಎಂದೆ. ಬಂದವರು ದುಃಖಕ್ಕೆ ಹಾಗೆ ಅನ್ನುತ್ತಿದ್ದಾಳೆ ಎಂದು ಸಮಾಧಾನ ಮಾಡಿದರು. ನಾನು ಇದ್ದದ್ದನ್ನೇ ಹೇಳಿದ್ದೆ.

ಸೂತಕ ಕಳೆದ ಮೇಲೆ ಮಣೆ ತೆಗೆಯಲು ಹೋದಾಗ ಮಗಳು ಎರಡು ಕಣ್ಣಿನ ಡಬ್ಬಿಯ ಮುಂದೆ ಕೂತುಬಿಟ್ಟಳು. ಕುಂಕುಮ ಒಣಗಿ ಅರಗಿನ ಹಾಗೆ ಗಟ್ಟಿಯಾಗಿತ್ತು.

"ಅವ್ವಾ, ಇಲ್ಲಿ ನೋಡು. ಅಪ್ಪನ ಬೆರಳಿನ ಗೆರಿ ಕಾಣಸ್ತಾವ."

ನೋಡಿದೆ. ಕಾಣುತ್ತಿದ್ದವು. "ಬೆರಳು ಇರ್ಲಿ. ಒಳಗ ಮಾರಿ ಅದ. ತಿರುವಿ ತಗದು ತೊಳಸು."

ತಿರುವಿದರೆ ಬೊಟ್ಟು ಒಡೆಯುತ್ತದೆ. ಕತ್ತಲೆ ಕೋಣೆಯಲ್ಲಿ ಬಿಚ್ಚಿದರೂ ಆ ಕಿವಿಯನ್ನೇ ಎಳೆದು ರೋಲು ಬಿಡಿಸಬೇಕಂತೆ. ಮಗಳು ಒಪ್ಪಲಿಲ್ಲ. ರೋಲು ಎಲ್ಲಿಗೂ ಓಡಿಹೋಗುವುದಿಲ್ಲ, ಅಪ್ಪನ ಬೆರಳು ಹೋದರೆ ಮತ್ತೆ ಬರುವುದಿಲ್ಲ ಎಂಬುದು ಅವಳ ಹಟ. ಡಬ್ಬಿಯನ್ನು ಅವಳಪ್ಪ ಅವಳಿಗೇ ಎಂದು ಹೇಳಿ ಆಗಿತ್ತು. ನಾನು ಹೇಳುವಷ್ಟು ಹೇಳಿದೆ.

ಮುಂದೆ ಅವಳ ಮದುವೆಯಾಯಿತು. ಅಳಿಯ ಉಡುಪಿ ಕಡೆಯವ, ಪುಣೆಯಲ್ಲೇ ಹೋಟೆಲು. ಮಗುವಾದ ಮೇಲೆ ಮಗರಪಟ್ಟಾದ ಎತ್ತರದ ಕಟ್ಟಡದಲ್ಲಿ ಮನೆ ಕೊಂಡರು, ನನ್ನನ್ನೂ ಕರೆದುಕೊಂಡರು. ಕ್ಯಾಮೆರಾಗಳಿಗೆ ಗೋಡೆಯಗಲ ಗಾಜಿನ ಕಪಾಟು. ಎರಡು ಕಣ್ಣಿನ ಡಬ್ಬಿ ನಟ್ಟನಡುವೆ, ಅದರ ತಲೆಯ ಮೇಲೆ ಹಳದಿ ಬಲ್ಬು. ದೇವರ ಮುಂದಿನ ದೀಪದ ಹಾಗೆ ಆ ಬಲ್ಬು ಯಾವಾಗಲೂ ಉರಿಯುತ್ತಿತ್ತು. ಬಂದವರಿಗೆ ಮಗಳು ಕುಂಕುಮ ತೋರಿಸಿ ಕಥೆ ಹೇಳುವಳು. ಅವರು ಬಾಗಿ ನೋಡಿ, "ಎಷ್ಟು ಹಳೇದು, ಎಷ್ಟು ಚಂದ" ಎನ್ನುವರು. ಯಾರೂ ಒಳಗೆ ಏನಿದೆ ಎಂದು ಕೇಳುತ್ತಿರಲಿಲ್ಲ.

ಮೊಮ್ಮಗಳಿಗೆ ಮಾತು ಬಂತು. ಗೋಡೆಯ ಮೇಲಿನವನಿಗೆ ಕೈಮುಗಿದು "ಕೋಟಿನ ಅಜ್ಜ" ಎಂದಳು. ಒಂದು ದಿನ ಕೇಳಿದಳು, "ಅಜ್ಜಿ, ಅಜ್ಜ ನಗ್ತಾ ಇರ್ಲಿಲ್ವಾ?"

ನಗುತ್ತಿದ್ದರು ಎಂದು ಹೇಳಲು ಹೋದೆ. ಹೇಗೆ ನಗುತ್ತಿದ್ದರು ಎಂದು ನೆನೆಸಿಕೊಂಡರೆ, ಕೋಟಿನವನ ಮುಖವೇ ಅಡ್ಡ ಬಂದು ನಿಂತಿತು. ಅವನು ನಗಲಿಲ್ಲ. ಅವತ್ತು ಮೊದಲ ಸಲ ನನಗೆ ಹೆದರಿಕೆಯಾಯಿತು. ಮನುಷ್ಯ ಸತ್ತಾಗಲೂ ಹಾಗೆ ಆಗಿರಲಿಲ್ಲ.

ಮಗಳಿಗೆ ಹೇಳಿದೆ, "ನಿಮ್ಮಪ್ಪನ ಮಾರಿ ನನಗ ಮರ್ತು ಹೊಂಟದ. ನಿನಗ ಬೆರಳು ಸಾಕು, ನನಗ ಸಾಲೂದಿಲ್ಲ."

ಅವಳು ಬಿಳಿಚಿಕೊಂಡಳು. ಅಳಿಯನೇ ನಡುವೆ ಬಾಯಿ ಹಾಕಿದ. "ಅತ್ತೆ ಹೇಳುವುದು ಸರಿ ಮಾರಾಯ್ತಿ. ಈಗ ಎಲ್ಲರೂ ಡಿಜಿಟಲ್. ಈ ರೋಲು ತೊಳೆಯುವವರು ಇನ್ನು ಎಷ್ಟು ದಿವಸ ಇರ್ತಾರೆ?"

ಅವನು ಹೇಳಿದಂತೆಯೇ ಆಯಿತು. ಪೇಟೆಯಲ್ಲಿ ಇವರು ಯಾವಾಗಲೂ ಹೋಗುತ್ತಿದ್ದ ಸ್ಟುಡಿಯೋದವನು, ಇನ್ನು ಕಪ್ಪು ಬಿಳುಪು ತೊಳೆಯುವುದಿಲ್ಲ, ಕೊನೆಯದೇನಾದರೂ ಇದ್ದರೆ ತನ್ನಿ ಎಂದು ಹೇಳಿ ಕಳಿಸಿದ. ಮಗಳು ಕಪಾಟಿನಿಂದ ಡಬ್ಬಿ ತೆಗೆದು ತಂದು ನನ್ನ ತೊಡೆಯ ಮೇಲಿಟ್ಟಳು. ಡಬ್ಬಿ ಬೆಚ್ಚಗಿತ್ತು.

"ನೀನಽ ತಿರುವು ಅವ್ವಾ. ನನ್ನ ಕೈಲೆ ಆಗೂದಿಲ್ಲ."

ತಿರುವಿದೆ. ಮೊದಲು ಬಿಗಿಯಾಗಿತ್ತು. ಆಮೇಲೆ ಕಟ್ ಎಂದಿತು. ಬೊಟ್ಟು ಸೀಳಿ, ಚೂರು ಚೂರಾಗಿ ನನ್ನ ಸೀರೆಯ ಮೇಲೆ ಉದುರಿತು. ಮಗಳು ಮುಖ ತಿರುಗಿಸಿಕೊಂಡಳು. ರೋಲು ಸುತ್ತಿ ಮುಗಿದು ಕಿವಿ ಸಡಿಲಾಗುವ ತನಕ ತಿರುವಿದೆ. ಎದ್ದು ಸೀರೆ ಝಾಡಿಸಿದೆ. ನಡಿ ಎಂದೆ.

ಸ್ಟುಡಿಯೋದ ಕಟ್ಟಿಗೆಯ ಬಾಕಿನ ಮೇಲೆ ಇಬ್ಬರೂ ಕೂತೆವು. ಅವನು ಒಳಗಿನಿಂದ ಒದ್ದೆ ಪಟ್ಟಿಯನ್ನು ಚಿಮಟಿಗೆಯಲ್ಲಿ ಹಿಡಿದು ತಂದು ಬೆಳಕಿಗೆ ಎತ್ತಿದ. ನನಗೆ ಏನೂ ತಿಳಿಯಲಿಲ್ಲ, ಅವನ ಮುಖ ನೋಡಿ ತಿಳಿಯಿತು.

"ತಾಯಿ, ಬಿಸಿಯಲ್ಲಿ ಇಟ್ಟಿದ್ರಾ?"

ಮಗಳು ಬಲ್ಬು ಎಂದಳು.

ಅಳಿದುಳಿದದ್ದನ್ನು ಅವನು ಕಾಗದದ ಮೇಲೆ ಇಳಿಸಿಕೊಟ್ಟ. ಪಾಲಖಿಯದೆಲ್ಲ ಬೂದಿ. ಒಂದರಲ್ಲಿ ಮಾತ್ರ ಏನೋ ಇತ್ತು. ನಮ್ಮ ಚಾದರದ ಹೂ. ಒಂದು ಮೊಣಕಾಲು. ಒರೆಸುವ ಅರಿವೆ ಹಿಡಿದ ಕೈ. ಭುಜದಿಂದ ಮೇಲೆ ಮಂಜು ಬಿದ್ದ ಹಾಗೆ ಬರೀ ಬೆಳ್ಳಗೆ. ನಗು ಇರಬೇಕಾದ ಜಾಗವನ್ನು ನಾನು ಬೆರಳಿಟ್ಟು ಹುಡುಕಿದೆ. ಕಾಗದ ಇನ್ನೂ ಒದ್ದೆಯಿತ್ತು.

ಮಗಳು ರಸ್ತೆಯಲ್ಲಿ ನಿಂತು ಅತ್ತಳು. ಜನ ನೋಡುತ್ತಿದ್ದರು. ನಾನು ಬಯ್ಯಲಿಲ್ಲ. ಬಯ್ಯಬೇಕೆಂದಿದ್ದೆ, ವರ್ಷಗಟ್ಟಲೆ ಮಾತುಗಳನ್ನು ಜೋಡಿಸಿ ಇಟ್ಟಿದ್ದೆ. ಅವಳ ಮೂಗು ಕೆಂಪಾಗಿತ್ತು, ಅಪ್ಪನ ಹಾಗೇ ಹೆಬ್ಬೆರಳಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು. "ರಿಕ್ಷಾ ಕರಿ" ಎಂದೆ.

ಮನೆಗೆ ಬಂದು ಸೀರೆ ಒಗೆದೆ. ಕುಂಕುಮದ ಕಲೆ ಹೋಗಲು ಬಹಳ ತಿಕ್ಕಬೇಕಾಯಿತು. ಮರುದಿನ ಗೋಡೆಯಿಂದ ಕೋಟಿನವನನ್ನು ಇಳಿಸಿ, ಆ ಕೈಯ ಫೋಟೋ ಹಾಕಿಸಿದೆ. ಮೊಮ್ಮಗಳು ಬಹಳ ಹೊತ್ತು ನೋಡಿ, "ಇದ್ರಲ್ಲಿ ಅಜ್ಜ ಎಲ್ಲಿ?" ಎಂದಳು.

ಆ ವರ್ಷದ ಖಂಡೇನವಮಿಗೆ ಮಗಳು ಡಬ್ಬಿಯನ್ನು ಬಿಚ್ಚಿ ಒರೆಸಿ ಮಣೆಯ ಮೇಲೆ ಕೂಡಿಸಿದಳು. ಎಲ್ಲಿಂದಲೋ ಹುಡುಕಿ ತಂದ ಹೊಸ ರೋಲು ಒಳಗಿತ್ತು. ಕುಂಕುಮದ ಬಟ್ಟಲು ನನ್ನ ಕಡೆ ಸರಿಸಿದಳು.

"ನಿನ್ನ ಬೆರಳಿಂದ ಹಚ್ಚು ಅವ್ವಾ."

"ನನ್ನ ಹಣಿಗೇ ಇಲ್ಲದ್ದು ಅದರ ಕಿವಿಗ್ಯಾಕ? ಒಂದು ಹೂ ಇಡು, ಮುಗೀತು."

ಹೂ ಇಟ್ಟಳು. ಆರತಿಯಾಯಿತು. ಅವಳು ಹೂವನ್ನು ಪಕ್ಕಕ್ಕೆ ಸರಿಸಿ, ಪೂಜೆಗೆ ಕೂತ ಡಬ್ಬಿಯನ್ನು ಎತ್ತಿಕೊಂಡಳು. ಅಳಿಯ, "ಇವತ್ತು ಎತ್ತಬಹುದಾ?" ಎಂದು ನನ್ನ ಮುಖ ನೋಡಿದ.

"ಒತ್ತು," ಎಂದೆ ಮಗಳಿಗೆ. "ನಾಳೆ ಅನಬ್ಯಾಡ."

ಅವಳು ಬಗ್ಗಿ ಗಾಜಿನೊಳಗೆ ನೋಡುತ್ತ ನನ್ನನ್ನು ಹುಡುಕಿದಳು. ಎಡಕ್ಕೆ ತಿರುಗಿದಳು, ಬಲಕ್ಕೆ ತಿರುಗಿದಳು. ಸಿಕ್ಕಿರಬೇಕು, ನಿಂತಳು.

"ನಗು ಅವ್ವಾ."

ಅದೊಂದು ನನ್ನ ಕೈಲಿ ಆಗಲಿಲ್ಲ. ಅವಳು ಹಾಗೇ ಒತ್ತಿದಳು.