ಪ್ಲಾಸ್ಟರಿನಡಿಯ ವಿಭೂತಿ

ಜಗದಾಂಬಾ ಸಿಸ್ಟರ್ ಗದರಿದರೆ ವಾರ್ಡಿನ ಗೋಡೆಯೂ ನೆಟ್ಟಗೆ ನಿಲ್ಲುತ್ತದೆ ಎಂಬ ಮಾತಿತ್ತು, ಶಿವಮೊಗ್ಗದ ಆ ಆಸ್ಪತ್ರೆಯಲ್ಲಿ. ಸಾವಿರದ ಒಂಬೈನೂರ ಅರವತ್ತರ ಸುಮಾರು. ಗ್ಲೂಕೋಸ್ ಏರಿಸುವ ಸೂಜಿ, ರಬ್ಬರ್ ಟ್ಯೂಬುಗಳನ್ನು ಕುದಿಸಿ ಮತ್ತೆ ಮತ್ತೆ ಬಳಸುತ್ತಿದ್ದ ಕಾಲ. ಕುದಿಸುವವಳು ಆಯಾ ದ್ಯಾಮಮ್ಮ.

ವಾಂತಿಭೇದಿಯೆಂದು ಸೇರಿದ್ದ ಉಜ್ಜನಪ್ಪ, ಚೇತರಿಸಿಕೊಂಡು ಗಂಜಿ ಕೇಳುತ್ತಿದ್ದವನು, ಇದ್ದಕ್ಕಿದ್ದಂತೆ ಗಡಗಡ ನಡುಗಿ, ಜ್ವರವೇರಿ ಸತ್ತ. ಸೂಜಿ ಚುಚ್ಚಿದ ಜಾಗ ಕೆಂಪಗೆ ಬಾತಿತ್ತು. ರಕ್ತಕ್ಕೆ ನಂಜೇರಿದೆ ಎಂದರು ಡಾಕ್ಟರ್ ಯಜ್ಞನಾರಾಯಣ.

"ನೀರು ಕುದಿಯೋ ಮುಂಚೆನೇ ಇಳಿಸಿದ್ದೀಯ, ಮನೆಹಾಳಿ!" ಎಂದು ಜಗದಾಂಬಾ ದ್ಯಾಮಮ್ಮನ ಮೇಲೆ ಹರಿಹಾಯ್ದಳು. ದ್ಯಾಮಮ್ಮ ಮಕ್ಕಳ ಮೇಲೆ ಆಣೆಯಿಟ್ಟರೂ ಕೇಳದೆ ಕೆಲಸ ಬಿಡಿಸಿದಳು.

ಆಮೇಲೆ ಸೂಜಿಗಳನ್ನು ತಾನೇ ನಿಂತು ಕುದಿಸಿದಳು. ಆದರೂ ಕರಿಯಣ್ಣನೆಂಬ ರೋಗಿಗೆ ಅದೇ ನಡುಕ ಶುರುವಾಯಿತು! ಜಗದಾಂಬಾಳ ಸಿಟ್ಟು ನೆತ್ತಿಗೇರಿತು. ಅವನ ಇನ್ನೊಂದು ಕೈಗೆ ಹೊಸ ಸೂಜಿ ಹಾಕಿ, ಇದನ್ನು ಯಾರು ಮುಟ್ಟುತ್ತಾರೋ ನೋಡೇಬಿಡುತ್ತೇನೆಂದು ಸಂಜೆ ಬಾಗಿಲ ಮರೆಗೆ ನಿಂತಳು.

ಬಂದದ್ದು ಅವಳ ತಾಯಿ ವೀರಮ್ಮ. ಕೋಟೆ ಬೀದಿಯ ಮನೆಯಿಂದ ಮಗಳಿಗೆ ಬುತ್ತಿ ತರುವ ಮುದುಕಿ, ರೋಗಿಗಳಿಗೆಲ್ಲ ವಿಭೂತಿ ಹಚ್ಚಿ ಹೋಗುತ್ತಿದ್ದಳು. ಹಣೆಗೆ ತಾನೆ ಎಂದು ಜಗದಾಂಬಾ ಸುಮ್ಮನಿದ್ದಳು. ಈಗ ನೋಡಿದರೆ, ಕರಿಯಣ್ಣನ ಕೈಯಲ್ಲಿ ಸೂಜಿಯ ಮೇಲೆ ಅಂಟಿಸಿದ್ದ ಪ್ಲಾಸ್ಟರ್ ಎಬ್ಬಿಸಿ, ಹೊಳೆನೀರಲ್ಲಿ ಕಲಸಿದ ವಿಭೂತಿಯನ್ನು ಸೂಜಿಯ ಬುಡಕ್ಕೇ ಮೆತ್ತಲು ಹೊರಟಿದ್ದಾಳೆ!

"ಅಮ್ಮಾ! ಕೈ ತೆಗಿ!"

"ನೋವಿರೋ ಜಾಗಕ್ಕೆ ಹಚ್ಚಬೇಕು ಕಣೇ. ಪ್ಲಾಸ್ಟರ್ ಮೇಲೆ ಹಚ್ಚಿದ್ರೆ ಏನು ಬಂತು, ಮಾರಾಯ್ತಿ? ಪಾಪ, ಉಜ್ಜನಪ್ಪಂಗೂ ಹಚ್ಚಿದ್ದೆ, ಉಳೀಲಿಲ್ಲ."

"ಅದರಿಂದಲೇ ಹೋದ ಕಣಮ್ಮ ಅವನು!"

ಇಡೀ ವಾರ್ಡು ಕೇಳಿಸಿಕೊಂಡಿತು. ವೀರಮ್ಮ ವಿಭೂತಿಯ ಕೈಯನ್ನು ಸೆರಗಲ್ಲಿ ಮುಚ್ಚಿಕೊಂಡು ಗೋಡೆಗೊರಗಿ ಕೂತುಬಿಟ್ಟಳು. ಆ ಹೊತ್ತಿನಲ್ಲಿ ಮಗಳಿಗೆ ಕನಿಕರ ಬರಲಿಲ್ಲ. ಹೆತ್ತವಳ ಮೇಲೆ ಬಂದ ಸಿಟ್ಟಿಗಿಂತ ತನ್ನ ಮೇಲಿನ ಸಿಟ್ಟು ದೊಡ್ಡದಿತ್ತು.

ಕರಿಯಣ್ಣ ಪೆನಿಸಿಲಿನ್‌ನಿಂದ ಹೇಗೋ ಉಳಿದುಕೊಂಡ. ಜ್ವರ ಇಳಿದ ದಿನವೇ ಜಗದಾಂಬಾ ಭದ್ರಾವತಿಯ ಬಸ್ಸು ಹತ್ತಿದಳು. ದ್ಯಾಮಮ್ಮ ಅಲ್ಲಿ ಅಕ್ಕನ ಮನೆ ಸೇರಿದ್ದಳು. ಒಳಗೆ ಕರೆಯಲಿಲ್ಲ; ಜಗದಾಂಬಾ ಹೇಳಿದ್ದನ್ನೆಲ್ಲ ಹೊಸ್ತಿಲಲ್ಲೇ ನಿಂತು ಕೇಳಿಸಿಕೊಂಡಳು.

"ಕೋತಿ ಮೊಸರನ್ನ ತಿಂದು ಮೇಕೆ ಮೂತಿಗೆ ಒರೆಸ್ತಂತೆ. ನಿಮ್ಮಮ್ಮನ ಕೈ ನೋಡೋ ಮುಂಚೆ ನನ್ನ ಹೊಟ್ಟೆ ಮೇಲೆ ಹೊಡೆದ್ರಲ್ಲ, ಸಿಸ್ಟರಮ್ಮ!"

"ಬೈ, ಇನ್ನೂ ಬೈ. ಬೈದಾದ್ಮೇಲೆ ಕೆಲಸಕ್ಕೆ ಬಾ. ವಾರ್ಡಿನ ಬಾಗಿಲಲ್ಲಿ ಸೋಪು, ನೀರು ಇಡ್ತೀನಿ. ಕೈ ತೊಳೀದೆ ಯಾರನ್ನೂ ಒಳಗೆ ಬಿಡಬೇಡ, ಸೂಜಿ ಹತ್ರ ಯಾರನ್ನೂ ಸೇರಿಸಬೇಡ. ನಮ್ಮಮ್ಮ ಬಂದ್ರೂ ಅಷ್ಟೇ."

ಮಾರನೆಯ ಬೆಳಿಗ್ಗೆ ಜಗದಾಂಬಾ ಅವಸರದಲ್ಲಿ ವಾರ್ಡಿಗೆ ನುಗ್ಗಲು ಹೋದಳು. ಬಾಗಿಲಿಗೆ ಅಡ್ಡಲಾಗಿ ಒಂದು ತೋಳು ಬಂತು.

"ಕೈ ತೊಳ್ಕೊಳ್ಳಿ, ಸಿಸ್ಟರಮ್ಮ" ಎಂದಳು ದ್ಯಾಮಮ್ಮ. ಅವಳ ಸಿಟ್ಟು ಇನ್ನೂ ಇಳಿದಿರಲಿಲ್ಲ.