ನಾಲ್ಕನೆಯ ಸುತ್ತು

ಬೀದಿಯವರಿಗೆಲ್ಲ ಆಕೆ ಗುಂಡಿಯಕ್ಕ. ಮೆಟ್ಟಿಲ ಕೆಳಗೊಂದು ಕೋಣೆ, ಒಂದು ಹೊಲಿಗೆ ಯಂತ್ರ, ಗೋಡೆಯುದ್ದಕ್ಕೂ ಗುಂಡಿಗಳ ಡಬ್ಬಿ. ಹರಿದದ್ದನ್ನು ಹೊಲಿಯುವುದು, ಸಡಿಲವಾದದ್ದನ್ನು ಬಿಗಿ ಮಾಡುವುದು ಕಸುಬು; ಗುಂಡಿ ಹಾಕುವುದರಲ್ಲಂತೂ ಎತ್ತಿದ ಕೈ. ಕೈತುಂಬ ಕೆಲಸ, ಕಣ್ತುಂಬ ನಿದ್ದೆ. ಐವತ್ತಾರು ವರ್ಷ ನೆಮ್ಮದಿಯಾಗಿಯೇ ಇದ್ದಳು, ನಾದಿನಿ ಬಂದು ತಲೆಗೆ ಹುಳ ಬಿಡುವವರೆಗೆ.

ನಾದಿನಿ ಕೆಟ್ಟವಳಲ್ಲ. ಬಾಯಿಗೆ ಬೀಗವಿಲ್ಲ, ಅಷ್ಟೆ. ಅತ್ತಿಗೆ ಗುಂಡಿ ಹಾಕುವುದನ್ನು ನೋಡುತ್ತಾ ಕೂತವಳು ಇದ್ದಕ್ಕಿದ್ದಂತೆ ನಕ್ಕಳು.

"ಥೇಟ್ ನಮ್ಮಮ್ಮ ನೋಡು! ಗುಂಡಿ ಬುಡಕ್ಕೆ ದಾರದ ಮೂರು ಸುತ್ತು, ಒಂದು ಗಂಟು, ಆಮೇಲೆ ಹಲ್ಲಲ್ಲಿ ದಾರ ಕಡಿಯೋದು. ಎಲ್ಲಾ ಅಮ್ಮಂದೇ. ಇದ್ರಲ್ಲಿ ನಿಂದು ಅಂತ ಏನಿದೆ ಅತ್ತಿಗೆ?"

ಗುಂಡಿಯಕ್ಕ ನಕ್ಕು ಇನ್ನೊಂದು ಗುಂಡಿ ಎತ್ತಿಕೊಂಡಳು. ಆದರೆ ಮಾತು ಮುಳ್ಳಾಗಿ ಕೂತಿತು. ಹೌದಲ್ಲ! ಕೆಲಸ ಅತ್ತೆಯದು. ಒಂದು ಕಾಲು ಮಡಚಿ ಕೂರುವುದು ಅಪ್ಪನದು. ತಲೆ ಹಿಂದಕ್ಕೆ ಚೆಲ್ಲಿ ನಗುವುದು ಅಕ್ಕನದು. ಮಾತು ಮಾತಿಗೆ "ಆಯ್ತು ಬಿಡಿ" ಎನ್ನುವುದು ತೀರಿಕೊಂಡ ಗಂಡನದು. ಉಳಿದದ್ದು ಮೂಗು, ಅದೂ ಅಜ್ಜಿಯದಂತೆ. ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತಾರೆ; ನನ್ನ ಹುಟ್ಟುಗುಣ ಯಾವುದು? ಬೇರೆಯವರಿಂದ ಬಂದದ್ದನ್ನೆಲ್ಲ ತೆಗೆದಿಟ್ಟರೆ ನಾನು ಎಲ್ಲಿ ಉಳಿಯುತ್ತೇನೆ? ನಿಜವಾಗಿಯೂ ಹೆದರಿದಳು.

ಸರಿ, ಇನ್ನು ಮೇಲೆ ಎಲ್ಲ ನನ್ನದೇ ರೀತಿ ಎಂದು ಹಟ ಹಿಡಿದಳು. ಆ ದಿನ ಕೈಗೆ ಸಿಕ್ಕಿದ್ದು ಬಸ್ ಡ್ರೈವರನ ದಪ್ಪ ಕೋಟು. ಸುತ್ತು ಹಾಕಲಿಲ್ಲ, ದಾರ ಕಡಿಯಲಿಲ್ಲ. ಗುಂಡಿಯನ್ನು ಬಟ್ಟೆಗೆ ಅಂಟಿದಂತೆ ಹೊಲಿದು, ದಾರವನ್ನು ಕತ್ತರಿಯಲ್ಲಿ ಕತ್ತರಿಸಿದಳು. ನೋಡಲು ಬಲು ಚಂದ.

ಮೂರನೆಯ ದಿನ ಡ್ರೈವರ್ ಕೋಟು ಹಿಡಿದು ಬಂದ.

"ಗುಂಡಿಯಕ್ಕ, ಕೆಲಸಕ್ಕೆ ಯಾರನ್ನೋ ಇಟ್ಕೊಂಡಿದ್ದೀರಾ?"

"ಇಲ್ವಲ್ಲಪ್ಪ, ಯಾಕೆ?"

"ಇದು ನಿಮ್ಮ ಕೈ ಅಲ್ಲ. ಗುಂಡಿ ಕಾಜಾದೊಳಗೆ ಹೋಗ್ತಾನೇ ಇಲ್ಲ."

ಹೋಗುವುದು ಹೇಗೆ? ದಪ್ಪ ಬಟ್ಟೆಗೆ ಗುಂಡಿ ಒಂಚೂರು ಎತ್ತರದಲ್ಲಿ ನಿಲ್ಲಬೇಕು. ಅದಕ್ಕೇ ಬುಡದ ಸುತ್ತು. ಮುಖ ಸಣ್ಣದು ಮಾಡಿಕೊಂಡು ಹೇಳಿದಳು: "ನನ್ನ ಕೈ ಎಲ್ಲಿಂದ ಬಂತು? ಅದು ನಮ್ಮತ್ತೆ ಕೈ."

"ಅದು ಹೇಗೆ? ಈ ಕೋಟಿನ ಮೇಲಿನ ಗುಂಡಿ ನಿಮ್ಮತ್ತೆ ಹಾಕಿದ್ದು, ನಾನು ಕೆಲಸಕ್ಕೆ ಸೇರಿದ ವರ್ಷ. ನಡುವಿನದು ನೀವು ಹೋದ ವರ್ಷ ಹಾಕಿದ್ದು. ಮುಟ್ಟಿ ನೋಡಿ. ಅವರದು ಚೂರು ಅಲ್ಲಾಡುತ್ತೆ, ನಿಮ್ಮದು ಅಲ್ಲಾಡಲ್ಲ. ದಿನಾ ಹಾಕೋನಿಗೆ ಗೊತ್ತಾಗಲ್ವಾ?"

ಗುಂಡಿಯಕ್ಕ ಕನ್ನಡಕ ಏರಿಸಿ ಎರಡರ ದಾರವನ್ನೂ ಬಿಚ್ಚಿದಳು. ಅತ್ತೆಯದು ಮೂರು ಸುತ್ತು. ತನ್ನದು ನಾಲ್ಕು! ಮತ್ತೆ ಎಣಿಸಿದಳು. ನಾಲ್ಕೇ.

ಆಗ ನೆನಪಾಯಿತು. ಮದುವೆಯಾದ ಹೊಸತು, ಹತ್ತೊಂಬತ್ತರ ಹುಡುಗಿ. ಅತ್ತೆ ಎದುರಿಗೆ ಕೂತು ಒಂದು, ಎರಡು, ಮೂರು ಎಂದು ಎಣಿಸುತ್ತಿದ್ದರು. ಗುಂಡಿ ಬಿದ್ದರೆ ಬೈಗುಳ ತಪ್ಪಿದ್ದಲ್ಲ ಎಂದು ಹೆದರಿ, ಅವರು ಆಚೆ ನೋಡಿದಾಗ ಕದ್ದು ಇನ್ನೊಂದು ಸುತ್ತುತ್ತಿದ್ದಳು. ಅತ್ತೆ ಹೋದರು, ಹೆದರಿಕೆ ಹೋಯಿತು, ಸುತ್ತು ಮಾತ್ರ ಕೈಯಲ್ಲೇ ಉಳಿಯಿತು. ಇಷ್ಟು ವರ್ಷ ಅದನ್ನೂ ಮೂರೆಂದೇ ತಿಳಿದಿದ್ದಳು.

ಬಿಚ್ಚಿದ ಎರಡನ್ನೂ, ಮೊನ್ನೆಯದನ್ನೂ ಅಲ್ಲೇ ಹೊಸದಾಗಿ ಹಾಕಿ ಕೊಟ್ಟಳು.

ಸಂಜೆ ನಾದಿನಿ ಬಂದಾಗ ಎಲ್ಲ ಕೇಳಿ ಮೂಗು ಮುರಿದಳು. "ಅಷ್ಟೇನಾ? ಒಂದೇ ಒಂದು ಸುತ್ತಾ ನಿಂದು?"

"ಒಂದೇ ಕಣೆ," ಎಂದಳು ಗುಂಡಿಯಕ್ಕ. "ನಿಮ್ಮಮ್ಮನ ಮೂರು ಇಲ್ದೆ ಅದೂ ನಿಲ್ಲಲ್ಲ. ಆಯ್ತು ಬಿಡು, ಆ ಸೂಜಿಗೆ ದಾರ ಪೋಣಿಸಿ ಕೊಡು."

ಅಕ್ಕನ ಹಾಗೆ ತಲೆ ಹಿಂದಕ್ಕೆ ಚೆಲ್ಲಿ ನಕ್ಕು, ಅಪ್ಪನ ಹಾಗೆ ಒಂದು ಕಾಲು ಮಡಚಿ, ಮುಂದಿನ ಅಂಗಿ ಎತ್ತಿಕೊಂಡಳು.